ಕಾಂಕ್ರೀಟ್ ತುಂಬಿದ ಸ್ಟೀಲ್ ಟ್ಯೂಬ್ ಕಂಬಕ್ಕೆ ಬೋಲ್ಟ್ ಜಾಯಿಂಟ್: ಬೋಲ್ಟ್ ಗಟ್ಟಿ ಇದೆ, ಕಂಬದ ಗೋಡೆ ತಡೆಯುತ್ತಾ?

ಗಂಗಾವತಿ_ಸೈಟ್

ಎಲ್ಲರಿಗೂ ನಮಸ್ಕಾರ. ಗಂಗಾವತಿ ಹತ್ತಿರ ಒಂದು ರೈಸ್ ಮಿಲ್ ವಿಸ್ತರಣೆ ಕೆಲಸದಲ್ಲಿ ಸೈಟ್ ಎಂಜಿನಿಯರ್ ಆಗಿದ್ದೇನೆ. ಓದಿದ್ದು ಡಿಪ್ಲೊಮಾ, ಸ್ಟೀಲ್ ಕೆಲಸ ಹೊಸದು, ಆದ್ದರಿಂದ ಪ್ರಶ್ನೆ ಸ್ವಲ್ಪ ಪೆದ್ದಾಗಿ ಕಂಡರೂ ಉತ್ತರ ಕೊಡಿ.

ಕಂಬಗಳು 250 × 250 ಚೌಕ ಟ್ಯೂಬ್, ಗೋಡೆ ದಪ್ಪ 6 ಎಂಎಂ, ಐಎಸ್ 4923ರ 310 ಗ್ರೇಡ್. ಒಳಗೆ ಎಂ30 ಕಾಂಕ್ರೀಟ್. ಈ ಕಂಬಕ್ಕೆ ಎರಡು ಥರದ ಜಾಯಿಂಟ್ ಬರುತ್ತವೆ. ಒಂದು, ಮಹಡಿಯ ತೊಲೆ, ಐಎಸ್‌ಎಂಬಿ 400. ಎಂಡ್ ಪ್ಲೇಟ್ 12 ಎಂಎಂ, 20 ಎಂಎಂನ 8.8 ಗ್ರೇಡ್ ಬೋಲ್ಟ್ ನಾಲ್ಕು, ಬೋಲ್ಟ್‌ಗಳ ನಡುವೆ ಮೇಲೆ ಕೆಳಗೆ 60 ಎಂಎಂ ಅಂತರ. ತೊಲೆಯ ತುದಿಯಲ್ಲಿ ಬರುವ ಲೋಡ್, ಫ್ಯಾಕ್ಟರ್ ಸೇರಿಸಿ, 240 ಕಿಲೋನ್ಯೂಟನ್. ಇನ್ನೊಂದು, ಎಲಿವೇಟರ್ ಹಿಡಿದುಕೊಳ್ಳುವ ಬ್ರಾಕೆಟ್. ಕಂಬದಿಂದ 600 ಎಂಎಂ ಹೊರಗೆ ಚಾಚುತ್ತದೆ, ತುದಿಯಲ್ಲಿ 40 ಕಿಲೋನ್ಯೂಟನ್.

ಸಮಸ್ಯೆ ಏನಂದರೆ ಟ್ಯೂಬ್ ಒಳಗೆ ಕೈ ಹೋಗುವುದಿಲ್ಲ, ನಟ್ ಹಾಕುವುದು ಹೇಗೆ? ಡ್ರಾಯಿಂಗ್‌ನಲ್ಲಿ ಬ್ಲೈಂಡ್ ಬೋಲ್ಟ್ (ಹೊರಗಿನಿಂದಲೇ ಬಿಗಿದರೆ ಒಳಗೆ ಅರಳಿ ಕಚ್ಚಿಕೊಳ್ಳುವ ಬೋಲ್ಟ್) ಅಂತ ಇದೆ. ಅದು ತರಿಸಲು ತಡವಾಗುತ್ತದೆ, ರೇಟೂ ಜಾಸ್ತಿ ಅಂತ ಮಾಲೀಕರು ಒಪ್ಪುತ್ತಿಲ್ಲ. ಫ್ಯಾಬ್ರಿಕೇಟರ್ ಆಚೆಯಿಂದ ಈಚೆಗೆ ಉದ್ದ ಸ್ಟಡ್ (ಚೂಡಿ, ಅಂದರೆ ಥ್ರೆಡ್ ಇರುವ ರಾಡ್) ತೂರಿಸೋಣ ಅನ್ನುತ್ತಾರೆ. ಕಾಂಕ್ರೀಟ್ ಕಂಟ್ರಾಕ್ಟರ್ ಅದೆಲ್ಲ ಬೇಡ, ಮೊದಲು ತುಂಬಿಬಿಡಿ, ಆಮೇಲೆ ಕೆಮಿಕಲ್ ಆ್ಯಂಕರ್ (ಕೊರೆದ ತೂತಿನಲ್ಲಿ ರಾಳದ ಅಂಟಿನಿಂದ ಕೂರಿಸುವ ರಾಡ್) ಹೊಡೆಯೋಣ ಅನ್ನುತ್ತಾರೆ. ನಾನು ಲೆಕ್ಕ ಹಾಕಿದಾಗ ಒಂದು ಬೋಲ್ಟ್‌ನ ಶಿಯರ್ (ಅಡ್ಡಕ್ಕೆ ಕತ್ತರಿಸುವ ಬಲವನ್ನು ತಡೆಯುವ ಶಕ್ತಿ) 90 ಕಿಲೋನ್ಯೂಟನ್ ಬಂತು. ನಾಲ್ಕಕ್ಕೆ 360. ಬೇಕಾಗಿದ್ದು 240. ಹಾಗಾದರೆ ಯಾವ ಬೋಲ್ಟ್ ಹಾಕಿದರೂ ಸಾಕಲ್ವಾ? ಒಳಗೆ ಕಾಂಕ್ರೀಟ್ ಬೇರೆ ಇರುತ್ತದೆ.

ಇನ್ನೊಂದು ವಿಷಯ, ಮೂರು ಕಂಬಗಳಿಗೆ ಈಗಾಗಲೇ ಕಾಂಕ್ರೀಟ್ ತುಂಬಿಸಿ ಆಗಿದೆ. ಉಳಿದವು ಖಾಲಿ ನಿಂತಿವೆ.

ಗಿಣಿಗೇರಾ_ವರ್ಕ್‌ಶಾಪ್

ಸ್ಟಡ್ ತೂರಿಸುವುದೇ ನಮ್ಮ ಕಡೆ ರೂಢಿ. ಆದರೆ ಸ್ಟಡ್ ತರುವಾಗ ಹುಷಾರು. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಚೂಡಿ ರಾಡ್ ಹೆಚ್ಚಿನದು ಮಾಮೂಲಿ ಎಂಎಸ್, ಅದನ್ನೇ 8.8 ಅಂತ ಕೈಗಿಡುತ್ತಾರೆ. ತುದಿಯಲ್ಲಿ ಮಾರ್ಕ್ ಇಲ್ಲ, ಟೆಸ್ಟ್ ಸರ್ಟಿಫಿಕೇಟ್ ಇಲ್ಲ ಅಂದರೆ ಅದನ್ನು 4.6 ಅಂತಲೇ ಲೆಕ್ಕ ಹಿಡಿಯಿರಿ. ಆಗ ನಿಮ್ಮ 90 ಹೋಗಿ 45 ಆಗುತ್ತದೆ, ನಾಲ್ಕಕ್ಕೆ 180, 240ಕ್ಕೆ ಸಾಲುವುದಿಲ್ಲ. ನಟ್ ಕೂಡ 8 ಕ್ಲಾಸ್ ಇರಬೇಕು. ಗಟ್ಟಿ ರಾಡ್‌ಗೆ ಮೆತ್ತನೆಯ ನಟ್ ಹಾಕಿದರೆ ಟೈಟ್ ಮಾಡುವಾಗಲೇ ಚೂಡಿ ಕಿತ್ತುಕೊಂಡು ಬರುತ್ತದೆ.

ತೂತನ್ನು ಗ್ಯಾಸ್ ಕಟ್ಟರ್‌ನಲ್ಲಿ ಮಾಡಿಸಬೇಡಿ. ಮ್ಯಾಗ್ನೆಟ್ ಡ್ರಿಲ್‌ನಲ್ಲಿ 22 ಎಂಎಂ. ಎರಡೂ ಕಡೆಯ ತೂತು ಎದುರುಬದುರು ಕೂರಬೇಕಾದರೆ ಒಂದೇ ಟೆಂಪ್ಲೇಟ್ ಇಟ್ಟು ಮಾರ್ಕ್ ಮಾಡಿ, ಕಂಬದ ಮೂಲೆಯಿಂದ ಅಳತೆ ತೆಗೆದುಕೊಳ್ಳಬೇಡಿ. ಚೌಕ ಟ್ಯೂಬ್‌ನ ಮೂಲೆ ಗುಂಡಗಿರುತ್ತದೆ, ಅಲ್ಲಿಂದ ಟೇಪ್ ಹಿಡಿದರೆ ಒಬ್ಬೊಬ್ಬರಿಗೂ ಒಂದೊಂದು ಅಳತೆ ಬರುತ್ತದೆ. ಕಂಬದ ಮಧ್ಯದ ಗೆರೆ ಹೊಡೆದು ಅಲ್ಲಿಂದ ಹಿಡಿಯಿರಿ.

ಲೆಕ್ಕದ ವಿಷಯ ತಿಳಿದವರು ಹೇಳಲಿ.

ಬಳ್ಳಾರಿ_ಸ್ಟ್ರಕ್ಚರ್

ಬೋಲ್ಟ್ ಲೆಕ್ಕ ಸರಿಯಾಗಿದೆ. ಬೋಲ್ಟ್‌ನ ಅಡ್ಡಕೊಯ್ತ 245 ಚದರ ಎಂಎಂ, 800 ಅಲ್ಟಿಮೇಟ್ (ಹರಿಯುವ ಮಟ್ಟದ ಶಕ್ತಿ), ಎರಡನ್ನೂ ಗುಣಿಸಿ ರೂಟ್ 3ರಿಂದ ಭಾಗಿಸಿ 1.25ರಿಂದ ಭಾಗಿಸಿದರೆ 90.5 ಬರುತ್ತದೆ. ಆದರೆ ಇಂಥ ಕಂಬದಲ್ಲಿ ಮೊದಲು ಸೋಲುವುದು ಬೋಲ್ಟ್ ಅಲ್ಲ. ಕಂಬದ 6 ಎಂಎಂ ಗೋಡೆ. ಬೋಲ್ಟ್ ಲೆಕ್ಕ ಕೊನೆಗೆ ಮಾಡಿದರೂ ನಡೆಯುತ್ತದೆ, ಗೋಡೆಯದ್ದು ಮೊದಲು ಮಾಡಿ.

ಶಿಯರ್‌ನಿಂದ ಶುರು ಮಾಡೋಣ. ಸ್ಟೀಲ್ ಕಟ್ಟಡದ ಕೋಡ್ ಐಎಸ್ 800:2007ರಲ್ಲಿ ಬೇರಿಂಗ್ ಸೂತ್ರ ನೋಡಿ, ಅಂದರೆ ಬೋಲ್ಟ್ ತೂತಿನ ಅಂಚನ್ನು ಒತ್ತಿದಾಗ ಗೋಡೆ ಎಷ್ಟು ತಡೆಯುತ್ತದೆ ಅನ್ನುವುದು. 2.5 × ಕೆಬಿ × ಬೋಲ್ಟ್ ವ್ಯಾಸ × ದಪ್ಪ × ಪ್ಲೇಟ್‌ನ ಅಲ್ಟಿಮೇಟ್, ಅದನ್ನು 1.25ರಿಂದ ಭಾಗಿಸಬೇಕು. ಕೆಬಿ ಅನ್ನುವುದು ಬೋಲ್ಟ್‌ಗಳ ಅಂತರ (ಪಿಚ್) ಮತ್ತು ತೂತಿನ ಅಳತೆಯಿಂದ ಬರುವ ಗುಣಕ. 310 ಗ್ರೇಡ್ ಟ್ಯೂಬ್‌ಗೆ ಅಲ್ಟಿಮೇಟ್ 450. ನಿಮ್ಮ 60 ಎಂಎಂ ಪಿಚ್ ಮತ್ತು 22 ಎಂಎಂ ತೂತಿಗೆ ಕೆಬಿ 0.66 ಹತ್ತಿರ ಬರುತ್ತದೆ. ಒಟ್ಟು 71 ಕಿಲೋನ್ಯೂಟನ್. ಅಂದರೆ ಬೋಲ್ಟ್ 90 ಹೊರುತ್ತದೆ, ಗೋಡೆ 71ಕ್ಕೇ ಮುಗಿಯಿತು. ನಾಲ್ಕಕ್ಕೆ 285. ನಿಮ್ಮ 240ಕ್ಕೆ ಸಾಕು, ಆದರೆ ನೀವು ಅಂದುಕೊಂಡ 360 ಅಲ್ಲ. ಒಂದು ಸುಲಭದ ದಾರಿ ಇದೆ. ಪಿಚ್ 60 ಬಿಟ್ಟು 75 ಮಾಡಿ. ಕೆಬಿ 0.88 ದಾಟುತ್ತದೆ, ಗೋಡೆಯ ಬೇರಿಂಗ್ 95ಕ್ಕೆ ಏರುತ್ತದೆ, ಖರ್ಚು ಏನೂ ಇಲ್ಲ. ಐಎಸ್‌ಎಂಬಿ 400ರಲ್ಲಿ ಅಷ್ಟು ಜಾಗ ಧಾರಾಳ ಇದೆ.

ಈಗ ಬ್ರಾಕೆಟ್. ನನಗೆ ಭಯ ಇರುವುದು ಇದರ ಮೇಲೆ. 40 ಕಿಲೋನ್ಯೂಟನ್ 600 ಎಂಎಂ ದೂರದಲ್ಲಿ ಅಂದರೆ 24 ಕಿಲೋನ್ಯೂಟನ್ ಮೀಟರ್ ಮೊಮೆಂಟ್. ಬ್ರಾಕೆಟ್‌ನ ಮೇಲಿನ ಬೋಲ್ಟ್ ಗುಂಪಿಗೂ ಕೆಳಗೆ ಒತ್ತುವ ಜಾಗಕ್ಕೂ 300 ಎಂಎಂ ಅಂತರ ಅಂತ ಇಟ್ಟುಕೊಳ್ಳಿ. ಮೇಲಿನ ಗುಂಪನ್ನು 80 ಕಿಲೋನ್ಯೂಟನ್ ಹೊರಕ್ಕೆ ಎಳೆಯುತ್ತದೆ. 20 ಎಂಎಂನ ಒಂದು 8.8 ಬೋಲ್ಟ್ ಎಳೆತದಲ್ಲಿ 141 ಕಿಲೋನ್ಯೂಟನ್ ತಡೆಯುತ್ತದೆ. ಗುಂಪಿನಲ್ಲಿ ನಾಲ್ಕು ಇದ್ದರೆ 564. ಬೋಲ್ಟ್ ನೋಡಿದರೆ ಏಳು ಪಟ್ಟು ಭದ್ರ.

ಆದರೆ ಬ್ಲೈಂಡ್ ಬೋಲ್ಟ್ ಕಚ್ಚಿಕೊಂಡಿರುವುದು ಮುಂದಿನ ಗೋಡೆಯನ್ನು ಮಾತ್ರ. ಆ ಗೋಡೆ ಅಂದರೆ ಎರಡು ಪಕ್ಕದ ಅಂಚಲ್ಲಿ ಹಿಡಿದಿಟ್ಟ ತೆಳು ಪ್ಲೇಟ್. ಎಳೆದರೆ ಎಣ್ಣೆ ಡಬ್ಬಿಯ ಮುಖದ ಹಾಗೆ ಹೊರಕ್ಕೆ ಉಬ್ಬುತ್ತದೆ. ಯೀಲ್ಡ್ ಲೈನ್ ಲೆಕ್ಕದಲ್ಲಿ (ಗೋಡೆ ಯಾವ ಗೆರೆಗಳಲ್ಲಿ ಮಣಿಯುತ್ತದೆ ಅಂತ ಹಿಡಿದು ಮಾಡುವ ಲೆಕ್ಕ), ಬೋಲ್ಟ್‌ಗಳ ಅಡ್ಡ ಅಂತರ 120, ಎತ್ತರದ ಅಂತರ 60 ಅಂತ ಹಿಡಿದರೆ ನಾಲ್ಕೂ ಬೋಲ್ಟ್‌ಗೆ ಸೇರಿಸಿ ಈ ಗೋಡೆ ತಡೆಯುವುದು ಸುಮಾರು 70 ಕಿಲೋನ್ಯೂಟನ್. 564 ಎಲ್ಲಿ, 70 ಎಲ್ಲಿ! ಎಳೆತ 80 ಇದೆ, ಫೇಲ್. ಬೋಲ್ಟ್ ಗ್ರೇಡ್ 10.9 ಮಾಡಿದರೂ ಫೇಲೇ, ಯಾಕಂದರೆ ಬಾಗುತ್ತಿರುವುದು ಗೋಡೆ.

ಕಾಂಕ್ರೀಟ್ ಇದೆಯಲ್ಲ ಅಂತೀರಿ. ಇಲ್ಲಿಯೇ ತುಂಬಾ ಜನ ಎಡವುತ್ತಾರೆ. ಒಳಗಿನ ಕಾಂಕ್ರೀಟ್ ಗೋಡೆ ಒಳಕ್ಕೆ ಹೋಗದಂತೆ ತಡೆಯುತ್ತದೆ. ಬ್ರಾಕೆಟ್‌ನ ಕೆಳಗಿನ ಒತ್ತುವ ಕಡೆ ಇದು ಬಹಳ ಉಪಯೋಗ, ಖಾಲಿ ಟ್ಯೂಬ್ ಆಗಿದ್ದರೆ ಅಲ್ಲೂ ಗೋಡೆ ಕುಸಿಯುತ್ತಿತ್ತು. ಆದರೆ ಮೇಲಿನ ಕಡೆ ಗೋಡೆ ಹೊರಕ್ಕೆ ಬರುತ್ತದೆ. ಹೊರಕ್ಕೆ ಬರುವುದನ್ನು ಹಿಂದೆ ಇರುವ ಕಾಂಕ್ರೀಟ್ ಹೇಗೆ ತಡೆಯುತ್ತದೆ? ಅದಕ್ಕೆ ಅಂಟಿಕೊಂಡಿರುವ ಬಲ ಲೆಕ್ಕಕ್ಕೇ ಬರುವುದಿಲ್ಲ.

ತೂರಿಸಿದ ಸ್ಟಡ್ ಇಲ್ಲಿ ಗೆಲ್ಲುತ್ತದೆ. ಎಳೆತ ಮುಂದಿನ ಗೋಡೆಗೆ ಹೋಗುವುದೇ ಇಲ್ಲ. ಸ್ಟಡ್ ಅದನ್ನು ಹಿಂದಿನ ಗೋಡೆಗೆ ಒಯ್ಯುತ್ತದೆ, ಅಲ್ಲಿ ನಟ್ ಗೋಡೆಯನ್ನು ಕಾಂಕ್ರೀಟ್ ಮೇಲೆ ಒತ್ತುತ್ತದೆ. ಕಾಂಕ್ರೀಟ್‌ಗೆ ಒತ್ತಡ ಅಂದರೆ ಇಷ್ಟ. ಹಿಂದೆ ಬರೀ ವಾಷರ್ ಸಾಲದು, 12 ಎಂಎಂ ಬ್ಯಾಕಿಂಗ್ ಪ್ಲೇಟ್ ಒಂದೇ ತುಂಡಾಗಿ ಕೊಡಿ.

ಬ್ಲೈಂಡ್ ಬೋಲ್ಟ್‌ನಲ್ಲೇ ಇದನ್ನು ಸರಿಮಾಡಲು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಹಾಲೋ ಬೋಲ್ಟ್ ಅನ್ನುವ ಬ್ಲೈಂಡ್ ಬೋಲ್ಟ್‌ಗೆ ಬಾಲ ಉದ್ದ ಮಾಡಿ, ತುದಿಗೆ ನಟ್ ಸೇರಿಸಿ, ಅದು ಕಾಂಕ್ರೀಟ್ ಒಳಗೆ ಹೂತುಕೊಳ್ಳುವಂತೆ ಮಾಡಿ ಪರೀಕ್ಷೆ ನಡೆಸಿದ್ದಾರೆ. ಆಗ ಎಳೆತದ ಒಂದು ಪಾಲು ಗೋಡೆಗೆ ಹೋಗದೆ ಕಾಂಕ್ರೀಟ್‌ಗೆ ಹೋಗುತ್ತದೆ. ಒಳ್ಳೆಯ ಉಪಾಯ, ಆದರೆ ಗಂಗಾವತಿಯ ರೈಸ್ ಮಿಲ್‌ಗೆ ಅದನ್ನು ತರಿಸುವ ಗೋಜು ಯಾಕೆ. ಮಾಮೂಲಿ ಹಾಲೋ ಬೋಲ್ಟ್‌ನ ಇನ್ನೊಂದು ತೊಡಕು, 20 ಎಂಎಂ ಬೋಲ್ಟ್‌ಗೆ 33 ಎಂಎಂ ತೂತು ಬೇಕು. ತೋಳು ಅರಳಿಕೊಳ್ಳುವ ಸ್ಲೀವ್ ಅದರೊಳಗೆ ತೂರಬೇಕಲ್ಲ. ತೊಲೆ ಜಾಯಿಂಟ್‌ಗೆ ಅದು ನಡೆಯುತ್ತದೆ, ಬ್ರಾಕೆಟ್‌ಗೆ ಬೇಡ.

ಇನ್ನೊಂದು ಗಮನಿಸಿ. ಬೇರಿಂಗ್ ಶಕ್ತಿ ಗೋಡೆ ದಪ್ಪದ ಜೊತೆ ಸಮಸಮ ಏರುತ್ತದೆ. ಗೋಡೆ ಬಾಗುವ ಶಕ್ತಿ ದಪ್ಪದ ವರ್ಗದ ಜೊತೆ ಏರುತ್ತದೆ. 6 ಎಂಎಂ ಬದಲು 8 ಎಂಎಂ ಟ್ಯೂಬ್ ತಂದಿದ್ದರೆ ಅದೇ 70, 125ರ ಹತ್ತಿರ ಬರುತ್ತಿತ್ತು. ಆರ್ಡರ್ ಮಾಡುವ ಮೊದಲು ಕೇಳಿದ್ದರೆ ಬ್ರಾಕೆಟ್ ಬರುವ ಕಂಬಗಳಿಗೆ 8 ಎಂಎಂ ಅನ್ನುತ್ತಿದ್ದೆ.

ಸಿರುಗುಪ್ಪ_ಮಿಲ್

ನಾನು ಎಂಜಿನಿಯರ್ ಅಲ್ಲ, ಮಿಲ್ ನಡೆಸುವವನು. ನಮ್ಮಲ್ಲಿ ಭತ್ತ ಕ್ಲೀನ್ ಮಾಡುವ ಜರಡಿ ಕೂತಿರುವ ಪ್ಲಾಟ್‌ಫಾರ್ಮ್‌ನ ನಟ್‌ಗಳು ಸೀಸನ್ ಮುಗಿಯುವಷ್ಟರಲ್ಲಿ ಕೈಯಲ್ಲೇ ತಿರುಗುತ್ತವೆ. ಪ್ರತಿ ಸಲ ಟೈಟ್ ಮಾಡಿಸುತ್ತೇವೆ, ಮತ್ತೆ ಅದೇ ಕತೆ. ಮೊದಲು ಇದಕ್ಕೆ ದಾರಿ ಹೇಳಿ. ಲೆಕ್ಕದಲ್ಲಿ 285 ಬಂದು ನಟ್ ಬಿಚ್ಚಿಕೊಂಡರೆ ಏನು ಬಂತು?

ಬಳ್ಳಾರಿ_ಸ್ಟ್ರಕ್ಚರ್

ಒಳ್ಳೆಯ ಪ್ರಶ್ನೆ ಸರ್. ನಿಮ್ಮಲ್ಲಿ ಬೋಲ್ಟ್‌ಗಳನ್ನು ಬರೀ ಸ್ಪ್ಯಾನರ್ ಗಟ್ಟಿ ಮಾಡಿರುತ್ತಾರೆ. ಆಗ ಬೋಲ್ಟ್‌ಗೂ ತೂತಿಗೂ ಇರುವ 2 ಎಂಎಂ ಸಡಿಲದಲ್ಲಿ ಪ್ಲೇಟ್ ಆಚೀಚೆ ಜಾರುತ್ತಲೇ ಇರುತ್ತದೆ, ಜಾರಿದಷ್ಟೂ ನಟ್ ಬಿಚ್ಚಿಕೊಳ್ಳುತ್ತದೆ. ಜಾರದ ಹಾಗೆ ಮಾಡಬೇಕಾದರೆ ಬೋಲ್ಟ್‌ನಲ್ಲಿ ಪೂರ್ತಿ ಪ್ರೀಟೆನ್ಷನ್ (ಬಿಗಿದಾಗ ಬೋಲ್ಟ್‌ನಲ್ಲಿ ಕೂರುವ ಎಳೆತ) ಇರಬೇಕು. 20 ಎಂಎಂನ 8.8ಕ್ಕೆ ಅದು 137 ಕಿಲೋನ್ಯೂಟನ್, ಐಎಸ್ 800 ಪ್ರಕಾರ ಅಲ್ಟಿಮೇಟ್‌ನ ಶೇಕಡಾ 70. ಇದಕ್ಕೆ ಸಾಮಾನ್ಯ ಬೋಲ್ಟ್ ಆಗುವುದಿಲ್ಲ, ಐಎಸ್ 3757ರ ಹೈ ಸ್ಟ್ರೆಂತ್ ಬೋಲ್ಟ್, ಕಟ್ಟುವ ವಿಧಾನಕ್ಕೆ ಐಎಸ್ 4000. ಸ್ಟಡ್ ಆದರೆ ಅದೇ ಶಕ್ತಿಯದ್ದು ಸರ್ಟಿಫಿಕೇಟ್ ಸಮೇತ ಬೇಕು.

ಅಷ್ಟು ಮಾಡಿದರೂ ಮುಖ ಹೇಗಿದೆ ಅನ್ನುವುದರ ಮೇಲೆ ಹೋಗುತ್ತದೆ. ಏನೂ ಮಾಡದ ಸ್ಟೀಲ್ ಮುಖಕ್ಕೆ ಘರ್ಷಣೆ 0.20, ಒಂದು ಬೋಲ್ಟ್‌ಗೆ 22 ಕಿಲೋನ್ಯೂಟನ್ ಮಾತ್ರ. ಗ್ರಿಟ್ ಬ್ಲಾಸ್ಟ್ ಮಾಡಿದರೆ 0.50, ಆಗ 55. ರೆಡ್ ಲೆಡ್ ಪೇಂಟ್ ಬಳಿದರೆ 0.10, ಅಂದರೆ ಹನ್ನೊಂದೇ. ನಮ್ಮಲ್ಲಿ ಜಾಯಿಂಟ್ ಮುಖಕ್ಕೂ ಸೇರಿಸಿ ಪ್ರೈಮರ್ ಹೊಡೆದು ಕಳಿಸುತ್ತಾರೆ, ನೋಡಲು ಚೆನ್ನಾಗಿರುತ್ತದೆ. ಟೇಪ್ ಹಚ್ಚಿ ಆ ಜಾಗ ಬಿಟ್ಟು ಬಳಿಯಿರಿ ಅಂದರೆ ಯಾರೂ ಕೇಳುವುದಿಲ್ಲ.

ಗಂಗಾವತಿಯವರು ಇದನ್ನು ಓದಿ ಖಾಲಿ ಟ್ಯೂಬ್ ಮೇಲೆ ಸ್ಟಡ್ ಟೈಟ್ ಮಾಡಲು ಹೋಗಬೇಡಿ. ನಾಲ್ಕು ಸ್ಟಡ್ 137ರಂತೆ ಎಳೆದರೆ 6 ಎಂಎಂ ಗೋಡೆ ಎರಡೂ ಕಡೆ ಒಳಕ್ಕೆ ಹೋಗುತ್ತದೆ. ಮೊದಲು ಕೈಬಿಗಿ ಮಾತ್ರ, ಸ್ಟಡ್ ಮೇಲೆ ಪೈಪ್ ಸ್ಲೀವ್ ತೊಡಿಸಿ ಕಾಂಕ್ರೀಟ್ ತುಂಬಿ. ಸ್ಲೀವ್ ಇಲ್ಲದಿದ್ದರೆ ಕಾಂಕ್ರೀಟ್ ಸ್ಟಡ್‌ಗೆ ಅಂಟಿಕೊಂಡು ಎಳೆತ ನಡುವಿಗೆ ತಲುಪುವುದೇ ಇಲ್ಲ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಪೂರ್ತಿ ಬಿಗಿಯಿರಿ.

ರಾಯಚೂರು_ಕ್ಯೂಸಿ

ಮೇಲಿನವರು ಸ್ಟೀಲ್ ಚೆನ್ನಾಗಿ ಹೇಳಿದ್ದಾರೆ, ಕಾಂಕ್ರೀಟ್ ಬಗ್ಗೆ ಒಂದೆರಡು ಮಾತು ನಾನು ಸೇರಿಸುತ್ತೇನೆ.

"ಕಾಂಕ್ರೀಟ್ ಗಟ್ಟಿಯಾದ ಮೇಲೆ" ಅಂದರೆ ಎಷ್ಟು ದಿನ? ನಮ್ಮ ಭಾಗದಲ್ಲಿ ಸ್ಲ್ಯಾಗ್ ಸಿಮೆಂಟ್ ಬಳಕೆ ಜಾಸ್ತಿ, ಪಕ್ಕದ ತೋರಣಗಲ್ಲಿನಲ್ಲೇ ಸ್ಟೀಲ್ ಕಾರ್ಖಾನೆ ಇದೆಯಲ್ಲ. ಅದು ಒಳ್ಳೆಯ ಸಿಮೆಂಟೇ, ಆದರೆ ಮೊದಲ ವಾರ ನಿಧಾನ. 7 ದಿನಕ್ಕೆ ಬಿಗಿಯಲು ಹೋಗಬೇಡಿ. ಕ್ಯೂಬ್ ಒಡೆದು ನೋಡಿ, ಅದು ಹೇಳಿದಾಗ ಬಿಗಿಯಿರಿ.

ಎರಡನೆಯದು ಲೋಡ್ ಕಾಂಕ್ರೀಟ್‌ಗೆ ಹೋಗುವ ದಾರಿ. ತೊಲೆ ಬಂದು ಕೂರುವುದು ಸ್ಟೀಲ್ ಗೋಡೆ ಮೇಲೆ. ಕಂಬದ ಲೆಕ್ಕದಲ್ಲಿ ಮಾತ್ರ ಸ್ಟೀಲ್ ಕಾಂಕ್ರೀಟ್ ಎರಡೂ ಹೊರುತ್ತವೆ ಅಂತ ಹಿಡಿದಿರುತ್ತೀರಿ. ಹಾಗಾದರೆ ಕಾಂಕ್ರೀಟ್‌ನ ಪಾಲು ಅದಕ್ಕೆ ತಲುಪಬೇಕಲ್ಲ? ನಿಮ್ಮ ಕಂಬದಲ್ಲಿ ಸ್ಟೀಲ್ ಸುಮಾರು 1650 ಕಿಲೋನ್ಯೂಟನ್, ಕಾಂಕ್ರೀಟ್ ಸುಮಾರು 940. ಇಲ್ಲಿ ಎಂ30 ಅಂತ 30 ಹಾಕಬೇಡಿ. ಅದು ಕ್ಯೂಬ್ ಶಕ್ತಿ, ಯೂರೋಕೋಡ್ 4ರ (ಸ್ಟೀಲ್ ಕಾಂಕ್ರೀಟ್ ಸೇರಿದ ಕಟ್ಟಡದ ಯೂರೋಪಿನ ಕೋಡ್) ಸೂತ್ರಗಳಿಗೆ ಸಿಲಿಂಡರ್ ಶಕ್ತಿ ಬೇಕು, 25 ಹಿಡಿಯಿರಿ. ಈ ಲೆಕ್ಕದಲ್ಲಿ ಕಾಂಕ್ರೀಟ್‌ನ ಪಾಲು ಶೇಕಡಾ 36. ಒಂದು ತೊಲೆಯ 240ರಲ್ಲಿ 87 ಕಿಲೋನ್ಯೂಟನ್ ಗೋಡೆಯಿಂದ ಕಾಂಕ್ರೀಟ್‌ಗೆ ದಾಟಬೇಕು. ಎರಡು ಕಡೆಯಿಂದ ತೊಲೆ ಬಂದರೆ 175.

ಇದು ದಾಟುವುದು ಅಂಟಿನಿಂದ, ಅಂದರೆ ಕಾಂಕ್ರೀಟ್ ಟ್ಯೂಬ್‌ನ ಒಳಮುಖವನ್ನು ಜಾರದಂತೆ ಹಿಡಿದುಕೊಳ್ಳುವುದರಿಂದ. ಯೂರೋಕೋಡ್ 4 ಚೌಕ ಟ್ಯೂಬ್‌ಗೆ ಚದರ ಎಂಎಂಗೆ 0.40 ನ್ಯೂಟನ್ ಕೊಡುತ್ತದೆ, ಗುಂಡು ಟ್ಯೂಬ್‌ಗೆ 0.55. ಕಂಬದ ಅಗಲದ ಎರಡರಷ್ಟು ಉದ್ದದಲ್ಲಿ ಇದು ಮುಗಿಯಬೇಕು, ಅಂದರೆ 500 ಎಂಎಂನಲ್ಲಿ. ಒಳಗಿನ ಸುತ್ತಳತೆ 952, ಅದರಿಂದ 190 ಕಿಲೋನ್ಯೂಟನ್ ಬರುತ್ತದೆ. ಒಂದು ತೊಲೆಗೆ ಆರಾಮ. ಎರಡು ತೊಲೆಗೆ ಅಂಚಿನಲ್ಲಿ ಪಾಸ್.

ಆದರೆ ಆ 0.40 ಸಿಗಬೇಕಾದರೆ ಒಳಮುಖಕ್ಕೆ ಪೇಂಟ್ ಇರಬಾರದು, ಎಣ್ಣೆ ಗ್ರೀಸ್ ಇರಬಾರದು, ಉದುರುವ ತುಕ್ಕು ಇರಬಾರದು. ಟ್ಯೂಬ್ ಒಳಗೆ ರೆಡ್ ಆಕ್ಸೈಡ್ ಹೊಡೆದಿದ್ದಾರಾ ನೋಡಿದ್ದೀರಾ?

ತೂರಿಸಿದ ಸ್ಟಡ್‌ನ ಇನ್ನೊಂದು ಲಾಭ ಇಲ್ಲಿದೆ, ಬಳ್ಳಾರಿಯವರು ಹೇಳಲಿಲ್ಲ. ಅದು ಕಾಂಕ್ರೀಟ್ ಮೇಲೂ ಕೂರುವುದರಿಂದ ಲೋಡನ್ನು ನೇರವಾಗಿ ಒಳಗೆ ದಾಟಿಸುತ್ತದೆ, ಅಂಟಿನ ಮೇಲೆ ಪೂರ್ತಿ ಅವಲಂಬನೆ ಬೇಕಿಲ್ಲ.

ಗಂಗಾವತಿ_ಸೈಟ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಟಾರ್ಚ್ ಹಾಕಿ ಖಾಲಿ ಟ್ಯೂಬ್‌ಗಳ ಒಳಗೆ ನೋಡಿದೆ. ಮೇಲಿನ ಒಂದು ಅಡಿಯಷ್ಟು ರೆಡ್ ಆಕ್ಸೈಡ್ ಇದೆ, ಬ್ರಷ್ ಎಟುಕಿದಷ್ಟು. ಅದರ ಕೆಳಗೆ ಬರೀ ಸ್ಟೀಲ್, ತೆಳುವಾಗಿ ತುಕ್ಕು. ತೊಲೆ ಜಾಯಿಂಟ್ ತುದಿಯಿಂದ ಸಾಕಷ್ಟು ಕೆಳಗೆ ಬರುವುದರಿಂದ ಪರವಾಗಿಲ್ಲ ಅಂದುಕೊಂಡಿದ್ದೇನೆ. ತುಂಬಿರುವ ಮೂರಕ್ಕೆ ಏನು ಮಾಡಲಿ? ಅದರಲ್ಲಿ ಎರಡಕ್ಕೆ ತೊಲೆ ಮಾತ್ರ, ಒಂದಕ್ಕೆ ಬ್ರಾಕೆಟ್ ಕೂಡ ಬರುತ್ತದೆ. ಕೆಮಿಕಲ್ ಆ್ಯಂಕರ್ ಆಗುವುದೇ ಇಲ್ವಾ? ಕಂಟ್ರಾಕ್ಟರ್ ದಿನಾ ಕೇಳುತ್ತಿದ್ದಾರೆ.

ರಾಯಚೂರು_ಕ್ಯೂಸಿ

ತುಂಬಿದ ಕಂಬಕ್ಕೆ ಬ್ಲೈಂಡ್ ಬೋಲ್ಟ್ ಹೋಗುವುದೇ ಇಲ್ಲ, ಹಿಂದೆ ಅರಳಿಕೊಳ್ಳಲು ಜಾಗ ಎಲ್ಲಿದೆ. ಅದು ಲಿಸ್ಟಿನಿಂದ ಹೊರಗೆ.

ಕೆಮಿಕಲ್ ಆ್ಯಂಕರ್ ತೊಲೆಗೆ ಆಗಬಹುದು ಅಂತ ನನ್ನ ಅಭಿಪ್ರಾಯ. ಶಿಯರ್ ಮಾತ್ರ ತಾನೇ. ಟ್ಯೂಬ್ ಸುತ್ತ ಬಿಗಿಯಾಗಿ ಹಿಡಿದಿರುವುದರಿಂದ ಕಾಂಕ್ರೀಟ್ ಅಂಚು ಒಡೆಯುವ ಭಯವೂ ಕಡಿಮೆ. ತೂತು ಕೊರೆದ ಮೇಲೆ ಬ್ರಷ್ ಹಾಕಿ, ಗಾಳಿ ಊದಿ, ಮತ್ತೆ ಬ್ರಷ್ ಹಾಕಿ ಕ್ಲೀನ್ ಮಾಡಿದರೆ ಸರಿ.

ಬಳ್ಳಾರಿ_ಸ್ಟ್ರಕ್ಚರ್

ನಾನು ಒಪ್ಪುವುದಿಲ್ಲ. ಆ್ಯಂಕರ್ ಕಂಪನಿಗಳ ಟೇಬಲ್‌ಗಳು ಬಯಲು ಕಾಂಕ್ರೀಟ್ ಬ್ಲಾಕ್‌ಗೆ ಮಾಡಿದವು. ಸ್ಟೀಲ್ ಗೋಡೆ ಕೊರೆದು ಒಳಗೆ ಹೋಗುವ ಜಾಯಿಂಟ್‌ಗೆ ಆ ನಂಬರ್ ಎತ್ತಿ ಹಾಕಲು ಆಗುವುದಿಲ್ಲ. ಮತ್ತೆ ಬಿಸಿ. ಮೇ ತಿಂಗಳಲ್ಲಿ ರಾಯಚೂರು, ಗಂಗಾವತಿ ಬಿಸಿಲಿಗೆ ಹೊರಗೆ ನಿಂತ ಸ್ಟೀಲ್ ಮುಟ್ಟಿ ನೋಡಿ. ಇದು ರೈಸ್ ಮಿಲ್, ಕುಸುಬಲು ಮಾಡುವ ಕಡೆ ಬಾಯ್ಲರ್ ಹಬೆ ಬೇರೆ. ರಾಳದ ಅಂಟು ಬಿಸಿಯಲ್ಲಿ ಸೊರಗುತ್ತದೆ, ಬೆಂಕಿ ಬಿದ್ದರಂತೂ ಅದರ ಕತೆ ಮೊದಲು ಮುಗಿಯುತ್ತದೆ. ಬ್ರಾಕೆಟ್‌ಗೆ ಬೇಡವೇ ಬೇಡ. ಎಳೆತ ಸದಾ ಇರುವ ಕಡೆ ಅಂಟನ್ನು ನಂಬಿ ತಲೆ ಮೇಲೆ ಎಲಿವೇಟರ್ ತೂಗು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ತೊಲೆಗೆ ಸುಲಭದ ದಾರಿ ಇದೆ. ಕಂಬದ ಗೋಡೆಗೆ ಬೋಲ್ಟೇ ಬೇಡ. ಗೋಡೆಯ ಮಧ್ಯಕ್ಕೆ ಒಂದು ಫಿನ್ ಪ್ಲೇಟ್ ನಿಲ್ಲಿಸಿ ಎರಡೂ ಕಡೆ ವೆಲ್ಡ್ ಮಾಡಿ, ತೊಲೆಯ ವೆಬ್ ಅನ್ನು ಆ ಪ್ಲೇಟ್‌ಗೆ ಬೋಲ್ಟ್ ಮಾಡಿ. ನಟ್‌ಗೆ ಎರಡೂ ಕಡೆ ಕೈ ಎಟುಕುತ್ತದೆ. ಪ್ಲೇಟ್ ದಪ್ಪ ಜಾಸ್ತಿ ಮಾಡಬೇಡಿ. ಪ್ಲೇಟ್ ತೀರಾ ದಪ್ಪ ಆದರೆ ಅದು ಮಣಿಯುವ ಮೊದಲೇ ಗೋಡೆ ಹರಿಯುತ್ತದೆ. ಪ್ಲೇಟ್ ದಪ್ಪ × ಪ್ಲೇಟ್‌ನ ಯೀಲ್ಡ್, ಗೋಡೆ ದಪ್ಪ × ಗೋಡೆಯ ಅಲ್ಟಿಮೇಟ್ ದಾಟಬಾರದು. 250 ಗ್ರೇಡ್ ಪ್ಲೇಟ್‌ಗೆ 6 × 450 ÷ 250, ಅಂದರೆ 10.8 ಎಂಎಂ. 10 ಎಂಎಂ ಪ್ಲೇಟ್ ಹಾಕಿ, 12 ಬೇಡ. ಬೋಲ್ಟ್ ಸಾಲು ಗೋಡೆಯಿಂದ ದೂರ ಇರುವುದರಿಂದ ಅಲ್ಲಿ ಹುಟ್ಟುವ ಸಣ್ಣ ಮೊಮೆಂಟನ್ನು ಬೋಲ್ಟ್ ಗುಂಪಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ, ನಾಲ್ಕು ಬೋಲ್ಟ್ ಇಲ್ಲಿ ಸಾಲದೇ ಹೋಗಬಹುದು.

ಗಿಣಿಗೇರಾ_ವರ್ಕ್‌ಶಾಪ್

ತುಂಬಿದ ಕಂಬಕ್ಕೆ ವೆಲ್ಡ್ ಮಾಡುವಾಗ ಒಂದು ಎಚ್ಚರ. ಒಳಗೆ ಹಸಿ ನೀರು ಇರುತ್ತದೆ, ಟ್ಯೂಬ್ ಮುಚ್ಚಿರುವುದರಿಂದ ಹೋಗುವ ದಾರಿ ಇಲ್ಲ. ಒಂದೇ ಕಡೆ ಸುಟ್ಟು ಸುಟ್ಟು ಬಿಸಿ ಮಾಡಿದರೆ ಹಬೆ ಕೂಡಿ ವೆಲ್ಡ್‌ನಲ್ಲಿ ಗುಳ್ಳೆ ಬರುತ್ತದೆ. ಒಂದು ಸಣ್ಣ ರನ್ ಹಾಕಿ, ಆರಲು ಬಿಟ್ಟು, ಇನ್ನೊಂದು ಬದಿಗೆ ಹೋಗಿ. ಒಣ ಎಲೆಕ್ಟ್ರೋಡ್, ಲೋ ಹೈಡ್ರೋಜನ್. ಕಂಬದಲ್ಲಿ ಹಬೆ ತೂತು ಬಿಟ್ಟಿದ್ದೀರಾ?

ಬಳ್ಳಾರಿ_ಸ್ಟ್ರಕ್ಚರ್

ಅದನ್ನು ಕೇಳಿದ್ದು ಒಳ್ಳೆಯದಾಯಿತು. ಬೆಂಕಿ ಬಿದ್ದಾಗ ಕಾಂಕ್ರೀಟ್‌ನ ನೀರು ಹಬೆಯಾಗಿ ಟ್ಯೂಬನ್ನೇ ಸೀಳಬಹುದು. ಯೂರೋಕೋಡ್ ಪ್ರತಿ ಮಹಡಿಯಲ್ಲಿ ಕಂಬದ ಮೇಲೊಂದು ಕೆಳಗೊಂದು ಕನಿಷ್ಠ 20 ಎಂಎಂ ತೂತು ಕೇಳುತ್ತದೆ, ನಡುವೆ 5 ಮೀಟರ್‌ಗಿಂತ ಜಾಸ್ತಿ ಅಂತರ ಇರಬಾರದು. ಇಲ್ಲದಿದ್ದರೆ ಈಗಲೇ ಕೊರೆಯಿರಿ, ಗೋಡೆ ಮಾತ್ರ. ವೆಲ್ಡ್‌ನ ಹಬೆಗೂ ದಾರಿ ಆಗುತ್ತದೆ. ಜಾಯಿಂಟ್ ಹತ್ತಿರ ಮಾತ್ರ ಬೇಡ.

ಬ್ರಾಕೆಟ್ ಬರುವ ಆ ಒಂದು ತುಂಬಿದ ಕಂಬಕ್ಕೆ ಕಾಲರ್ ಮಾಡಿ. ಬ್ರಾಕೆಟ್ ಮೇಲಿನ ಮಟ್ಟದಲ್ಲಿ ಕಂಬದ ಸುತ್ತ ಎರಡು ತುಂಡಿನ ಚೌಕ ಪಟ್ಟಿ, ಎರಡು ಪಕ್ಕಗಳಲ್ಲಿ ಬೋಲ್ಟ್. ಎಳೆತ ಪಟ್ಟಿ ಹಿಡಿದು ಹಿಂದಿನ ಮುಖಕ್ಕೆ ಹೋಗಿ ಅಲ್ಲಿ ಕಾಂಕ್ರೀಟ್ ಮೇಲೆ ಒತ್ತುತ್ತದೆ. ತೂರಿಸಿದ ಸ್ಟಡ್ ಮಾಡುವ ಕೆಲಸವನ್ನೇ ಹೊರಗಿನಿಂದ ಮಾಡಿದ ಹಾಗೆ. ಕೆಳಕ್ಕೆ ಜಾರದಂತೆ ಪಟ್ಟಿಯ ಅಡಿಗೆ ಪಕ್ಕದ ಮುಖಗಳಲ್ಲಿ ವೆಲ್ಡ್ ಮಾಡಿದ ಸೀಟ್ ಕೊಡಿ. ತುಂಬಿದ ಕಾಂಕ್ರೀಟ್‌ನಲ್ಲಿ 250 ಎಂಎಂ ನೇರ ಕೊರೆದು ಎದುರು ಗೋಡೆಯಲ್ಲಿ ಸರಿಯಾದ ಜಾಗಕ್ಕೆ ಹೊರಬರುವುದು ಕಷ್ಟ, ಅದಕ್ಕೆ ಕಾಲರ್ ಹೇಳುತ್ತಿದ್ದೇನೆ. ಇದನ್ನು ನಿಮ್ಮ ಡಿಸೈನ್ ಮಾಡಿದವರಿಗೆ ಸ್ಕೆಚ್ ಕಳಿಸಿ ಸಹಿ ಹಾಕಿಸಿಕೊಳ್ಳಿ. ಇಲ್ಲಿ ಬರೆದ ನಂಬರ್‌ಗಳು ನೀವು ಕೊಟ್ಟ ಅಳತೆಗೆ ಮಾತ್ರ.

ಗಂಗಾವತಿ_ಸೈಟ್

ಸರಿ ಸರ್. ಖಾಲಿ ಕಂಬಗಳಿಗೆ ಸ್ಟಡ್, ತುಂಬಿದವಕ್ಕೆ ಫಿನ್ ಪ್ಲೇಟ್, ಆ ಒಂದಕ್ಕೆ ಕಾಲರ್. ಸ್ಕೆಚ್ ಮಾಡಿ ಕಳಿಸುತ್ತೇನೆ. ಕೊನೆಯ ಪ್ರಶ್ನೆ. ಮೂಲೆ ಕಂಬಗಳಿಗೆ ಎರಡು ದಿಕ್ಕಿನಿಂದ ತೊಲೆ ಬರುತ್ತವೆ. ಸ್ಟಡ್‌ಗಳು ಒಳಗೆ ಒಂದಕ್ಕೊಂದು ಅಡ್ಡ ಬರುತ್ತವೆಯಲ್ಲ? ಅಷ್ಟೆಲ್ಲ ಸ್ಲೀವ್ ಇದ್ದರೆ ಕಾಂಕ್ರೀಟ್ ಕೆಳಗೆ ಇಳಿಯುತ್ತಾ?

ರಾಯಚೂರು_ಕ್ಯೂಸಿ

ಒಂದು ದಿಕ್ಕಿನ ಸ್ಟಡ್ ಸಾಲನ್ನು ಇನ್ನೊಂದಕ್ಕಿಂತ 40 ಎಂಎಂ ಮೇಲೆ ಇಡಿ. ಪಿಚ್ 75 ಮಾಡಿದರೆ ನಡುವೆ ಸರಿಯಾಗಿ ಕೂರುತ್ತದೆ. ಸ್ಲೀವ್‌ಗೆ ತೆಳು ಪೈಪ್ ಆರಿಸಿ, ಹೊರವ್ಯಾಸ 30 ಒಳಗೆ ಇರಲಿ, ಇಲ್ಲದಿದ್ದರೆ ಕ್ರಾಸ್ ಆಗುವ ಕಡೆ ಒಂದಕ್ಕೊಂದು ತಾಗುತ್ತವೆ.

ಕಾಂಕ್ರೀಟ್‌ನಲ್ಲಿ 20 ಎಂಎಂ ಜಲ್ಲಿ ಬೇಡ, ಸ್ಲೀವ್‌ಗಳ ನಡುವೆ ಸಿಕ್ಕಿಕೊಂಡು ಅಡಿಯಲ್ಲಿ ಖಾಲಿ ಉಳಿಯುತ್ತದೆ. 10 ಎಂಎಂ ಜಲ್ಲಿ, ತಾನೇ ಹರಿಯುವ ಮಿಕ್ಸ್. ಐಎಸ್ 10262:2019ರಲ್ಲಿ ಆ ಮಿಕ್ಸ್ ಡಿಸೈನ್ ಮಾಡುವ ವಿಧಾನ ಇದೆ. ಮೇಲಿನಿಂದ ಬಕೆಟ್‌ನಲ್ಲಿ ಸುರಿಯಬೇಡಿ. ಐಎಸ್ 456 ಹೇಳುವುದು 1.5 ಮೀಟರ್‌ಗಿಂತ ಎತ್ತರದಿಂದ ಬೀಳಬಾರದು ಅಂತ, ನಿಮ್ಮದು ಒಂದು ಮಹಡಿ ಎತ್ತರ, ಜೊತೆಗೆ ಮಧ್ಯದಲ್ಲಿ ಸ್ಲೀವ್ ಜಾಲರಿ. ಕೆಳಗಿನಿಂದ ಪಂಪ್ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ಬುಡದ ಹತ್ತಿರ ಗೋಡೆಯಲ್ಲಿ ಪೈಪ್ ತುಂಡು ಬೆಸೆದು ವಾಲ್ವ್ ಹಾಕಿ, ಕಾಂಕ್ರೀಟ್ ಮೇಲಕ್ಕೆ ಏರುತ್ತಾ ಬರುವಾಗ ಸ್ಲೀವ್ ಅಡಿಯ ಗಾಳಿಯನ್ನೂ ದೂಡಿಕೊಂಡು ಬರುತ್ತದೆ. ಆ ಪಂಪ್ ತೂತು ಜಾಯಿಂಟ್‌ನಿಂದ ದೂರ ಇರಲಿ, ಆಮೇಲೆ ಪ್ಲೇಟ್ ಇಟ್ಟು ಮುಚ್ಚಿ. ಪಂಪ್ ಸಿಗದಿದ್ದರೆ ಸ್ಲೀವ್‌ಗಳ ಸಂದಿಯಲ್ಲಿ ಇಳಿಯುವ ಸಪೂರ ಹೋಸ್ ಬುಡದವರೆಗೆ ಬಿಟ್ಟು, ಅದರ ತುದಿ ಯಾವಾಗಲೂ ಕಾಂಕ್ರೀಟ್‌ನಲ್ಲಿ ಮುಳುಗಿರುವಂತೆ ಎತ್ತುತ್ತಾ ಹೋಗಿ.

ಮಧ್ಯಾಹ್ನ ತುಂಬಬೇಡಿ. ಸಂಜೆ ಬಿಸಿಲು ಇಳಿದ ಮೇಲೆ ಟ್ಯೂಬ್ ಹೊರಗೆ ನೀರು ಹೊಡೆದು ತಣ್ಣಗೆ ಮಾಡಿ ಶುರು ಮಾಡಿ. ಮುಗಿದು ಗಟ್ಟಿಯಾದ ಮೇಲೆ ಸಣ್ಣ ಸುತ್ತಿಗೆಯಿಂದ ಎಲ್ಲ ಮುಖಗಳನ್ನೂ ಬಡಿದು ಕೇಳಿ, ಅದರಲ್ಲೂ ಸ್ಟಡ್ ಸಾಲಿನ ಕೆಳಗೆ. ಟೊಳ್ಳು ಸದ್ದು ಬಂದ ಕಡೆ ಚಾಕ್ ಗುರುತು ಹಾಕಿ, ಸಣ್ಣ ತೂತು ಕೊರೆದು ಗ್ರೌಟ್ ತುಂಬಿ, ಆಮೇಲೆಯೇ ಸ್ಟಡ್ ಬಿಗಿಯಿರಿ. ಈಗಾಗಲೇ ತುಂಬಿರುವ ಮೂರನ್ನೂ ಬಡಿದು ನೋಡಿ, ಫಿನ್ ಪ್ಲೇಟ್ ಬೆಸೆಯುವ ಮೊದಲು.